ಎ.ಸಿ.ಯ ಅಂಕಿ, ಕೋಲ್ಕತ್ತದ ಸೆಕೆ

ಮೇ ತಿಂಗಳ ಮಧ್ಯಾಹ್ನ ಕೋಲ್ಕತ್ತದ ಬಿಬಿಡಿ ಬಾಗ್ ಚೌಕದ ಹಳೇ ಕಟ್ಟಡಗಳ ಪಕ್ಕದಲ್ಲಿ ನಡೆದು ಹೋಗುವಾಗ ನೆತ್ತಿಯ ಮೇಲೆ ತಟಕ್ಕನೆ ಹನಿ ಬೀಳುವುದುಂಟು. ಆಕಾಶದಲ್ಲಿ ಮೋಡ ಇರುವುದಿಲ್ಲ. ತಲೆಯೆತ್ತಿದರೆ ಕಿಟಕಿಗೆ ಸಿಕ್ಕಿಸಿದ ಎ.ಸಿ.ಯ ಹಿಂಭಾಗದಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಒಳಗೆ ಕೂತವರು ರಿಮೋಟಿನಲ್ಲಿ ಒತ್ತಿದ್ದು ಉಷ್ಣತೆಯ ಅಂಕಿಯನ್ನು. ಯಂತ್ರದ ದುಡಿಮೆಯಲ್ಲಿ ದೊಡ್ಡ ಪಾಲು ಹೋಗುತ್ತಿರುವುದು ಈ ನೀರಿಗೆ. ಥರ್ಮೋಸ್ಟಾಟ್ ವಿಚಾರವನ್ನು ಈ ಚೌಕದಿಂದ ಶುರು ಮಾಡಲು ಅದೇ ಕಾರಣ.

ಬ್ಯಾಂಕಿನ ವರ್ಗಾವಣೆಯ ಮೇಲೆ ಕರ್ನಾಟಕದಿಂದ ಇಲ್ಲಿಗೆ ಬರುವವರಿದ್ದಾರೆ. ರಿಸರ್ವ್ ಬ್ಯಾಂಕಿನ ಕಚೇರಿ ಇರುವುದೂ ಇಲ್ಲೇ. ಮಂಗಳೂರು, ಉಡುಪಿ ಕಡೆಯವರಿಗೆ ಬೆವರು ಹೊಸದಲ್ಲ. ಮೈಸೂರಿನಿಂದಲೋ ಧಾರವಾಡದಿಂದಲೋ ಬಂದವರು ಬಾಡಿಗೆ ಮನೆಯ ಮೊದಲ ರಾತ್ರಿಯೇ ರಿಮೋಟ್ ಹಿಡಿದು ಅಂಕಿಯನ್ನು 16ಕ್ಕೆ ಇಳಿಸಿಬಿಡುತ್ತಾರೆ. ಬೇಗ ತಣ್ಣಗಾಗಲಿ ಎಂಬ ಆಸೆ. ಮಾಳಿಗೆಯ ಟ್ಯಾಂಕಿಗೆ ಹಾಕುವ ಫ್ಲೋಟ್ ಸ್ವಿಚ್ಚನ್ನು ನೆನೆಸಿಕೊಳ್ಳಿ: ನೀರು ಮಟ್ಟ ಮುಟ್ಟಿದಾಗ ಮೋಟಾರು ನಿಲ್ಲಿಸುತ್ತದೆ, ಇಳಿದಾಗ ಹಚ್ಚುತ್ತದೆ. ಫ್ಲೋಟನ್ನು ಎತ್ತರಕ್ಕೆ ಕಟ್ಟಿದರೆ ನೀರೇನೂ ಜೋರಾಗಿ ಬರುವುದಿಲ್ಲ, ಮೋಟಾರು ಹೆಚ್ಚು ಹೊತ್ತು ಓಡುತ್ತದೆ, ಅಷ್ಟೆ. ಥರ್ಮೋಸ್ಟಾಟಿನದೂ ಇದೇ ಕೆಲಸ. ಕೋಣೆ 32 ಡಿಗ್ರಿಯಲ್ಲಿರುವಾಗ ನೀವು 24 ಕೊಟ್ಟರೂ 16 ಕೊಟ್ಟರೂ ಮೊದಲ ಕೆಲವು ನಿಮಿಷ ಕಂಪ್ರೆಸರ್ ಹೆಚ್ಚುಕಡಿಮೆ ಒಂದೇ ಬಿರುಸಿನಲ್ಲಿ ದುಡಿಯುತ್ತದೆ. ವ್ಯತ್ಯಾಸ ಕಾಣುವುದು ನಡುರಾತ್ರಿ ಚಳಿಗೆ ಎದ್ದು ಕಂಬಳಿ ಹುಡುಕುವಾಗ, ಆಮೇಲೆ ಬಿಲ್ಲು ಬಂದಾಗ.

ಉಷ್ಣತೆ ತಿಳಿಯುವ ಉಪಾಯ ಹಳೆಯದು. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ 1830ರಲ್ಲಿ ಪೇಟೆಂಟ್ ಪಡೆದದ್ದು ಎರಡು ಲೋಹಗಳನ್ನು ಬೆಸೆದ ಪಟ್ಟಿಗೆ. ಕಾವಿಗೆ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತದೆ, ಆ ಬಾಗುವಿಕೆಯೇ ಸ್ವಿಚ್ಚಾಗುತ್ತದೆ. ಹಳೇ ಕಿಟಕಿ ಎ.ಸಿ.ಗಳಲ್ಲಿ ಬೇರೆ ಏರ್ಪಾಡಿತ್ತು. ಮುಂದಿನ ಜಾಲರಿ ತೆಗೆದರೆ ಕಾಯಿಲಿನ ಎದುರಿಗೆ ಕ್ಲಿಪ್ ಹಾಕಿದ ಸಣ್ಣ ತಾಮ್ರದ ಬುರುಡೆ, ಅದರಿಂದ ಗುಬ್ಬಿಯವರೆಗೆ ಹೋಗುವ ಕೂದಲಿನಂಥ ಕೊಳವೆ. ಒಳಗಿನ ಅನಿಲ ಹಿಗ್ಗಿದಾಗ ಸ್ವಿಚ್ಚು ಕೂಡುತ್ತದೆ. ಆ ಗುಬ್ಬಿಯ ಮೇಲೆ ಡಿಗ್ರಿ ಬರೆದಿರುತ್ತಿರಲಿಲ್ಲ, ಒಂದು, ಎರಡು, ಮೂರು ಎಂದಷ್ಟೇ. ನನ್ನ ಮಟ್ಟಿಗೆ ಅದೇ ಪ್ರಾಮಾಣಿಕವಾಗಿತ್ತು. ಈಗಿನವುಗಳಲ್ಲಿ ಕಾವೇರಿದಂತೆ ವಿದ್ಯುತ್ ತಡೆ ಕಡಿಮೆಯಾಗುವ ಥರ್ಮಿಸ್ಟರ್ ಇದೆ, ರಿಮೋಟಿನಲ್ಲಿ ನಿಖರವಾದ ಅಂಕಿ ಇದೆ. ಆ ಅಂಕಿ ಎಲ್ಲಿಯ ಗಾಳಿಯದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸ್ಪ್ಲಿಟ್ ಎ.ಸಿ.ಯಲ್ಲಿ ಸೆನ್ಸರ್ ಇರುವುದು ಗಾಳಿ ಒಳಕ್ಕೆಳೆಯುವ ಜಾಗದಲ್ಲಿ, ಅಂದರೆ ಏಳೆಂಟಡಿ ಎತ್ತರದಲ್ಲಿ. ಬಿಸಿಗಾಳಿ ಮೇಲೇರುವುದರಿಂದ ಅಲ್ಲಿ ಇನ್ನೂ 26 ಇರುವಾಗಲೇ ಎರಡಡಿ ಎತ್ತರದ ಮಂಚದಲ್ಲಿ ನೀವು ನಡುಗುತ್ತಿರಬಹುದು. ಕೆಲವು ಕಂಪನಿಗಳು ರಿಮೋಟಿನೊಳಗೇ ಸೆನ್ಸರ್ ಇಟ್ಟಿರುತ್ತವೆ. ಆ ಸೌಲಭ್ಯವಿದ್ದರೆ ರಿಮೋಟನ್ನು ಎ.ಸಿ.ಗೆ ಕಾಣುವಂತೆ ಮಂಚದ ಪಕ್ಕದ ಸ್ಟೂಲಿನ ಮೇಲಿಡಿ. ದಿಂಬಿನಡಿ ಬೇಡ, ಟಿ.ವಿ.ಯ ನೆತ್ತಿಯ ಮೇಲಂತೂ ಬೇಡವೇ ಬೇಡ.

ಇನ್ನು ನೀರಿನ ಲೆಕ್ಕ. ಹತ್ತು ಅಡಿಗೆ ಹದಿಮೂರು ಅಡಿಯ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 37 ಘನ ಮೀಟರ್ ಗಾಳಿ ಇರುತ್ತದೆ. ಮಳೆಗಾಲದ ಕೋಲ್ಕತ್ತದಲ್ಲಿ ಉಷ್ಣತೆ 32, ತೇವ ನೂರಕ್ಕೆ 70 ಇರುವ ದಿನ ಆ ಗಾಳಿಯಲ್ಲಿ ಆವಿಯಾಗಿ ಸೇರಿರುವ ನೀರು 800 ಗ್ರಾಂಗೂ ಹೆಚ್ಚು. 24 ಡಿಗ್ರಿ, ನೂರಕ್ಕೆ 55 ತೇವ ಎಂಬ ಹಿತವಾದ ಸ್ಥಿತಿಗೆ ತರಬೇಕಾದರೆ ಅದರಲ್ಲಿ ಅರ್ಧದಷ್ಟನ್ನು ಹಿಂಡಿ ಹೊರಹಾಕಬೇಕು. ಗೋಡೆ, ಸಾಮಾನುಗಳ ಕಾವನ್ನು ಬದಿಗಿಟ್ಟು ಬರೀ ಗಾಳಿಯ ಲೆಕ್ಕ ಹಾಕಿದರೆ, ಎಂಟು ಡಿಗ್ರಿ ಇಳಿಸಲು ಬೇಕಾದ ತಂಪಿನ ಮೂರರಷ್ಟು ಈ ಆವಿಯನ್ನು ನೀರಾಗಿಸಲು ಬೇಕು. ಕಿಟಕಿಯ ಸಂದಿಯಿಂದ ಹೊರಗಿನ ಗಾಳಿ ನುಸುಳುತ್ತಿದ್ದರೆ ಈ ಕೆಲಸ ಮುಗಿಯುವುದೇ ಇಲ್ಲ. ಇಷ್ಟಾದರೂ ಥರ್ಮೋಸ್ಟಾಟಿಗೆ ತೇವದ ಗೊಡವೆಯಿಲ್ಲ. ಉಷ್ಣತೆ ಇಳಿಯಿತೆಂದರೆ ಅದು ಕಂಪ್ರೆಸರನ್ನು ನಿಲ್ಲಿಸುತ್ತದೆ. ಬ್ಲೋವರ್ ಓಡುತ್ತಲೇ ಇದ್ದು ಕಾಯಿಲಿನ ಮೇಲಿನ ತೇವವನ್ನು ಮತ್ತೆ ಕೋಣೆಗೆ ಊದುತ್ತದೆ. ಕೋಣೆ ತಣ್ಣಗಿದೆ, ಆದರೆ ಹಾಸಿಗೆ ಹಸಿಹಸಿ ಎನ್ನಿಸುವುದು ಹೀಗೆ. ಸಣ್ಣ ಕೋಣೆಗೆ ಎರಡು ಟನ್ನಿನ ಎ.ಸಿ. ಹಾಕಿಸಿಕೊಂಡವರಿಗೆ ಈ ಕಾಟ ಹೆಚ್ಚು, ಏಕೆಂದರೆ ತೇವ ತೆಗೆಯುವಷ್ಟು ಹೊತ್ತು ಅದು ಓಡುವುದೇ ಇಲ್ಲ.

ಟನ್ ಎಂದರೆ ಯಂತ್ರದ ತೂಕವೆಂದು ತಿಳಿದವರಿದ್ದಾರೆ. ಅದು ಮಂಜುಗಡ್ಡೆಯ ಟನ್: ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಕಾವು, ಇಂದಿನ ಲೆಕ್ಕದಲ್ಲಿ ಮೂರೂವರೆ ಕಿಲೋವಾಟ್. ಈ ಚೌಕದ ಜನಕ್ಕೆ ಮಂಜುಗಡ್ಡೆಯ ಪರಿಚಯ ಮೊದಲೇ ಇತ್ತು. ಬಾಸ್ಟನ್ನಿನ ವ್ಯಾಪಾರಿ ಫ್ರೆಡ್ರಿಕ್ ಟ್ಯೂಡರ್ ಅಮೆರಿಕದ ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆಯನ್ನು 1833ರಲ್ಲಿ ‘ಟಸ್ಕನಿ’ ಹಡಗಿಗೆ ತುಂಬಿ ಕಲ್ಕತ್ತೆಗೆ ಕಳಿಸಿದ. ಹೊರಟದ್ದು 180 ಟನ್, ನಾಲ್ಕು ತಿಂಗಳ ಪಯಣದ ಮೇಲೆ ಉಳಿದದ್ದು ಸುಮಾರು 100. ಅದನ್ನಿಡಲು ಹೇರ್ ಸ್ಟ್ರೀಟ್ ಬಳಿ ಐಸ್ ಹೌಸ್ ಎದ್ದಿತು. ಚೆನ್ನೈ ಕಡಲತೀರದಲ್ಲಿ ಈಗ ವಿವೇಕಾನಂದರ ಹೆಸರು ಹೊತ್ತಿರುವ ಕಟ್ಟಡವೂ ಅದೇ ವ್ಯಾಪಾರದ್ದು. ಆ ಹಡಗಿನ ತಂಪೆಲ್ಲ ಇಂದಿನ ಒಂದೂವರೆ ಟನ್ ಎ.ಸಿ.ಯನ್ನು ಬಿಡುವಿಲ್ಲದೆ ಎರಡು ತಿಂಗಳಿಗಿಂತ ತುಸು ಹೆಚ್ಚು ಓಡಿಸಿದ್ದಕ್ಕೆ ಸಮ. ಮಂಜುಗಡ್ಡೆ ಸಿಗದವರು ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹಾಕಿಸುತ್ತಿದ್ದರು. ಒಣಗಾಳಿಯ ಊರಲ್ಲಿ ಅದು ಸೊಗಸು. ಮಳೆಗಾಲದ ಕಲ್ಕತ್ತೆಯಲ್ಲಿ ಅಷ್ಟಕ್ಕಷ್ಟೆ. ಕಲಬುರಗಿಯಲ್ಲಿ ಬೇಸಗೆ ಕಳೆಸುವ ಕೂಲರನ್ನು ಲಾರಿಯಲ್ಲಿ ಹೇರಿಕೊಂಡು ಇಲ್ಲಿಗೆ ಬರಬೇಡಿ. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ತನ್ನ ಯಂತ್ರವನ್ನು ರೂಪಿಸಿದ್ದೂ ತೇವದ ತೊಂದರೆಗಾಗಿಯೇ. ಬ್ರೂಕ್ಲಿನ್ನಿನ ಅಚ್ಚುಕೂಟವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ.

ಹಾಗಾದರೆ ಎಷ್ಟಕ್ಕಿಡಬೇಕು? ಸ್ಟಾರ್ ಗುರುತಿನ ಎ.ಸಿ.ಗಳು ಹಚ್ಚಿದಾಗ ತಾವಾಗಿ 24ಕ್ಕೆ ನಿಲ್ಲಬೇಕೆಂಬ ನಿಯಮ 2020ರ ಜನವರಿ 1ರಿಂದ ಜಾರಿಯಲ್ಲಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ ಉಳಿಯುತ್ತದೆಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಲೆಕ್ಕ. ನಾನು ಹೇಳುವುದು 26ರಿಂದ ಆರಂಭಿಸಿ, ಜೊತೆಗೆ ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಲಿ ಎಂದು. ಮೈಮೇಲೆ ಗಾಳಿಯಾಡಿದರೆ ಎರಡು ಡಿಗ್ರಿ ಕಡಿಮೆಯಿದ್ದಂತೆ ಅನ್ನಿಸುತ್ತದೆ, ಹಳೇ ಫ್ಯಾನಾದರೂ ತಿನ್ನುವುದು 75 ವಾಟ್. ಅರ್ಧ ಗಂಟೆ ಅಂಕಿ ಮುಟ್ಟದೆ ಕಾಯಿರಿ. ಬೇಕಾದರೆ ಒಂದೊಂದೇ ಡಿಗ್ರಿ ಇಳಿಸಿ. ಇನ್ನೂರು ಮುನ್ನೂರು ರೂಪಾಯಿಯ ಪುಟ್ಟ ತೇವಮಾಪಕವೊಂದನ್ನು ಗೋಡೆಗೆ ಹಾಕಿದರೆ ಇನ್ನೂ ಒಳ್ಳೆಯದು. ಅದು 65 ದಾಟಿ ತೋರಿಸುತ್ತಿದ್ದರೆ ಉಷ್ಣತೆ ಇಳಿಸುವ ಬದಲು ಎ.ಸಿ.ಯ ಬ್ಲೋವರ್ ವೇಗ ತಗ್ಗಿಸಿ, ಕಾಯಿಲ್ ಹೆಚ್ಚು ತಣ್ಣಗಾಗಿ ಹೆಚ್ಚು ನೀರು ಹಿಂಡುತ್ತದೆ. ಜುಲೈ, ಆಗಸ್ಟಿನಲ್ಲಿ ಮಳೆ ಹಿಡಿದು ಹೊರಗೆ 28 ಇದ್ದರೂ ಮೈ ಅಂಟುವ ದಿನಗಳಿಗೆ ‘ಡ್ರೈ’ ಗುಂಡಿ ಇದೆ. ನಮ್ಮ ಮನೆಗಳಲ್ಲಿ ಅದನ್ನು ಒತ್ತಿ ನೋಡಿದವರೇ ಕಡಿಮೆ. ಮಲಗುವ ಹೊತ್ತಿಗೆ ‘ಸ್ಲೀಪ್’ ಒತ್ತಿದರೆ ಮೊದಲ ಒಂದೆರಡು ಗಂಟೆಯಲ್ಲಿ ಅಂಕಿ ತಾನೇ ಮೆಲ್ಲಗೆ ಏರುತ್ತದೆ, ನಿದ್ದೆಯಲ್ಲಿ ಮೈಗೆ ಅಷ್ಟು ತಂಪು ಬೇಡ.

ಕರೆಂಟು ಹೋಗಿ ಬಂದ ಮೇಲೆ ಎ.ಸಿ. ಕೂಡಲೇ ತಣ್ಣಗಾಗದಿದ್ದರೆ ಗಾಬರಿಬಿದ್ದು ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಬೇಡಿ. ಕೊಳವೆಗಳಲ್ಲಿ ಒತ್ತಡ ಸಮವಾಗಲೆಂದು ಯಂತ್ರವೇ ಮೂರು ನಿಮಿಷ ತಡೆದಿರುತ್ತದೆ. ಜಾಲರಿಯ ಹಿಂದಿನ ಫಿಲ್ಟರನ್ನು ಬಳಕೆಯ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಬೇಕು; ಧೂಳು ಕಟ್ಟಿದರೆ ಗಾಳಿ ಸರಿಯಾಗಿ ಹಾಯದೆ ಸೆನ್ಸರಿನ ಲೆಕ್ಕವೂ ತಪ್ಪುತ್ತದೆ. ಕಾಳಿಪೂಜೆ ಕಳೆದು ಚಳಿಗಾಲಕ್ಕೆ ಎ.ಸಿ.ಗೆ ರಜೆ ಕೊಡುವ ಮುನ್ನ ಒಂದೆರಡು ಗಂಟೆ ‘ಫ್ಯಾನ್’ ಮಾತ್ರ ಓಡಿಸಿ ಕಾಯಿಲನ್ನು ಒಣಗಿಸಿ, ರಿಮೋಟಿನ ಸೆಲ್ ತೆಗೆದಿಡಿ. ಸೆಲ್ ಸೋರಿ ರಿಮೋಟ್ ಕೆಟ್ಟರೆ ಮುಂದಿನ ಮಾರ್ಚಿನಲ್ಲಿ ಅದೇ ಬಗೆಯದು ಹುಡುಕುವುದು ದೊಡ್ಡ ಅಲೆದಾಟ.