ಪರಾಧೀನವಾದ ಬೆಳ್ಳಿಹಾಳೆ

ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಉಪ್ಪಿನಂಗಡಿಯ ಸಂಗಮವನ್ನು ಒಂದೇ ಚಿತ್ರದಲ್ಲಿ ಸಮಗ್ರವಾಗಿ ಹಿಡಿಯಬೇಕೆಂದು ಸಂಕಲ್ಪಿಸಿದವನಿಗೆ ಸಣ್ಣ ಕ್ಯಾಮೆರಾ ಸಾಲದು. ಬೇಸಗೆಯಲ್ಲಿ ಅಲ್ಲಿ ಕಾಣುವುದು ಹರಹಾದ ಮರಳು. ಆ ಮರಳಿನ ನಡುವೆ ಮಖೆ ಜಾತ್ರೆಯ ಕಾಲಕ್ಕೆ ಪೂಜೆಗೊಳ್ಳುವ ಉದ್ಭವಲಿಂಗದ ಸ್ಥಾನ. ಇತ್ತ ದಡದ ಮೇಲೆ ಸಹಸ್ರಲಿಂಗೇಶ್ವರನ ಆಲಯ. ಅತ್ತ ತೆಂಗು ಕಂಗುಗಳ ದಟ್ಟ ಸಾಲು. ಆಟಿ ತಿಂಗಳಲ್ಲಿ ಅದೇ ಎಡೆಯಲ್ಲಿ ಎರಡು ನದಿಗಳೂ ಉಕ್ಕಿಬಂದು ದೇವಾಲಯದ ಮುಂದೆಯೇ ಒಂದನ್ನೊಂದು ಸೇರುವುವೋ ಎಂದು ಊರಿಗೆ ಊರೇ ಕಾದು ನಿಲ್ಲುತ್ತದೆ. 1923ರ ಮತ್ತು 1974ರ ಬೊಳ್ಳಗಳು, ಎಂದರೆ ನೆರೆಗಳು, ಇಲ್ಲಿಯ ಮನೆತನಗಳಿಗೆ ಕಾಲಗಣನೆಯ ಗುರುತುಗಳೇ ಆಗಿವೆ. ಇಂಥ ದೃಶ್ಯದ ಸಮಸ್ತ ವಿವರವನ್ನೂ, ಎಂದರೆ ಗರಿಯ ಸೀಳು, ಮೆಟ್ಟಿಲಿನ ಪಾಚಿ, ಎದುರು ದಡದಲ್ಲಿ ನಿಂತವನ ಹೆಗಲಿನ ಬೈರಾಸು, ಇವೆಲ್ಲವನ್ನೂ ಅಳಿಯದಂತೆ ಇರಿಸಿಕೊಳ್ಳಬಲ್ಲ ವಸ್ತುವೊಂದು ಛಾಯಾಗ್ರಹಣದ ಲೋಕದಲ್ಲಿ ಶತಮಾನಕ್ಕೂ ಮಿಕ್ಕ ಕಾಲ ಸುಲಭವಾಗಿ ದೊರೆಯುತ್ತಿದ್ದಿತು. 8 ಅಂಗುಲ ಅಗಲ, 10 ಅಂಗುಲ ಉದ್ದದ ಫಿಲ್ಮ್ ಹಾಳೆಯೇ ಅದು. ಸಾಮಾನ್ಯವಾದ 35 ಮಿಲಿಮೀಟರ್ ರೀಲಿನ ಒಂದು ಚಿತ್ರಕ್ಕಿಂತ ವಿಸ್ತೀರ್ಣದಲ್ಲಿ ಸುಮಾರು 60 ಪಟ್ಟು ದೊಡ್ಡದು. ಆ ಹಾಳೆ ಇಂದು ಒಂದೊಂದು ಜಾತಿಯಾಗಿ ನಿಂತುಹೋಗುತ್ತಿದೆ.

ಅದನ್ನು ಬಳಸುವ ಕ್ರಮವನ್ನು ಬಲ್ಲವರೂ ಈಗ ವಿರಳವಾದುದರಿಂದ ಆ ವಿಷಯವಾಗಿ ಒಂದೆರಡು ಮಾತು ಅವಶ್ಯ. ಮರದ ಚೌಕಟ್ಟು, ನಡುವೆ ಮಡಿಕೆಮಡಿಕೆಯಾದ ತಿದಿ, ಮುಂದೆ ಮಸೂರ, ಹಿಂದೆ ಉಜ್ಜಿದ ಗಾಜು; ಕಪ್ಪು ಬಟ್ಟೆಯೊಳಗೆ ತಲೆಯಿಟ್ಟವನಿಗೆ ಲೋಕವು ಆ ಗಾಜಿನ ಮೇಲೆ ತಲೆಕೆಳಗಾಗಿ ಗೋಚರಿಸುವುದು. ಮಸೂರದ ಫಲಕವನ್ನು ಮೇಲಕ್ಕೆ ಸರಿಸಿದರೆ ಕ್ಯಾಮೆರಾವನ್ನು ಓರೆಮಾಡದೆಯೇ ಶಿಖರವು ಚೌಕಟ್ಟಿನೊಳಗೆ ಬರುವುದು, ಗೋಡೆಗಳು ವಾಲದೆ ನೆಟ್ಟಗೆ ನಿಲ್ಲುವುವು. ಅದನ್ನೇ ಮುಂದಕ್ಕೆ ಬಾಗಿಸಿದರೆ ಕಾಲ ಬುಡದ ಮರಳಿನಿಂದ ಆಚೆಯ ದಡದವರೆಗೆ ಎಲ್ಲವೂ ಏಕಕಾಲಕ್ಕೆ ಸ್ಫುಟವಾಗುವುದು. ಒಂದು ಹೋಲ್ಡರಿಗೆ ಎರಡೇ ಹಾಳೆ. ಅವನ್ನು ತುಂಬುವುದು ಗಾಢಾಂಧಕಾರದಲ್ಲಿ. ಫಿಲ್ಮ್ ಯಾವ ಜಾತಿಯದು, ಬೆಳ್ಳಿಯ ಲೇಪ ಯಾವ ಮಗ್ಗುಲಿಗಿದೆ ಎಂಬುದನ್ನು ಹಾಳೆಯ ಮೂಲೆಯಲ್ಲಿ ಕತ್ತರಿಸಿಟ್ಟ ಸಣ್ಣ ಕಚ್ಚುಗಳನ್ನು ಬೆರಳಿನಿಂದ ತಡವಿಯೇ ತಿಳಿಯಬೇಕು. ಒಂದು ಜಾತಿಯ ಫಿಲ್ಮ್ ನಿಂತಾಗ ಒಬ್ಬ ಛಾಯಾಗ್ರಾಹಕನ ಬೆರಳುಗಳು ದಶಕಗಳ ಕಾಲ ಕಂಠಸ್ಥ ಮಾಡಿಕೊಂಡಿದ್ದ ಪಾಠವೊಂದು ನಿರರ್ಥಕವಾಗುತ್ತದೆ.

ಈ ಸ್ಥಿತಿ ಹೇಗೆ ಒದಗಿತೆಂಬುದನ್ನು ಅರಿಯಲು ಹಿಂದಕ್ಕೆ ಹೋಗಬೇಕು, ಹಂಪೆಯವರೆಗೆ. 1856ರಲ್ಲಿ ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ವಿಜಯನಗರದ ಅವಶೇಷಗಳನ್ನು ಚಿತ್ರಿಸಿದಾಗ ಅವನ ಕ್ಯಾಮೆರಾದೊಳಗೆ ಇದ್ದುದು ಸುಮಾರು 16 ಅಂಗುಲ, 18 ಅಂಗುಲದ ಮೇಣಗಾಗದ. ಕಾಗದಕ್ಕೆ ಮೇಣ ಹೀರಿಸುವುದು, ಅಯೊಡೈಡಿನ ದ್ರಾವಣದಲ್ಲಿ ನೆನೆಸುವುದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ ಬೆಳಕಿಗೆ ಸಂವೇದಿಯಾಗಿಸುವುದು, ಅನಂತರ ತೊಳೆಯುವುದು, ಇವಿಷ್ಟೂ ಛಾಯಾಗ್ರಾಹಕನ ಸ್ವಹಸ್ತದ ಕೆಲಸ. ಆ ನೆಗೆಟಿವ್‌ಗಳು ಉಳಿದುಬಂದುದರಿಂದಲೇ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ನಿಲುವುಗಳನ್ನು ಹುಡುಕಿ ನಿಂತು ಅದೇ ಮಂಟಪಗಳನ್ನು ಪುನಃ ಚಿತ್ರಿಸುವುದು ಸಾಧ್ಯವಾಯಿತು. ನಡುವಣ ಕಾಲದಲ್ಲಿ ಯಾವ ಕಲ್ಲು ಬಿದ್ದಿತು, ಯಾವುದು ನಿಂತಿತು ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕವಾದ ಸಾಕ್ಷ್ಯ ಬೇರಿಲ್ಲ. ಬಿಜಾಪುರ, ಬಾದಾಮಿಗಳನ್ನು ಚಿತ್ರಿಸಿದ ಬಿಗ್ಸ್, ಪಿಗೂ ಮೊದಲಾದವರೂ ಇದೇ ವಿದ್ಯೆಯ ಜನ. ನಮ್ಮ ಕರಾವಳಿಯಲ್ಲಿ 1834ರಿಂದ ಮಂಗಳೂರಿನಲ್ಲಿ ನೆಲೆಯೂರಿದ್ದ ಬಾಸೆಲ್ ಮಿಶನ್ನಿನವರು ತೆಗೆದ ಹಳೆಯ ಚಿತ್ರಗಳು ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲೆಗಾರದಲ್ಲಿ ಸುರಕ್ಷಿತವಾಗಿವೆ. ಈ ಮೊದಲಿಗರಿಗೆ ಕಷ್ಟಗಳು ಬೇಕಾದಷ್ಟಿದ್ದುವು. ಆದರೆ ಯಾವೊಬ್ಬ ವರ್ತಕನೂ ಅವರಿಗೆ ‘ಇನ್ನು ಮುಂದೆ ಇದು ಸಿಕ್ಕದು’ ಎಂದು ಹೇಳುವಂತಿರಲಿಲ್ಲ.

ಆ ಸ್ವಾತಂತ್ರ್ಯವು ಹೋದುದು ಸೌಕರ್ಯದ ಹಾದಿಯಲ್ಲಿ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್ ಜೆಲಾಟಿನಿನಲ್ಲಿ ಸಿಲ್ವರ್ ಬ್ರೋಮೈಡನ್ನು ಹುದುಗಿಸುವ ಉಪಾಯವನ್ನು ಪ್ರಕಟಿಸಿದನು. ಗಾಜಿನ ಫಲಕದ ಮೇಲೆ ಹಚ್ಚಿ ಒಣಗಿಸಿದ ಆ ಲೇಪ ತಿಂಗಳುಗಟ್ಟಲೆ ಕೆಡದೆ ಇರುತ್ತಿದ್ದುದರಿಂದ, ಅಂಗಡಿಯಲ್ಲಿ ಪೊಟ್ಟಣವಾಗಿ ಮಾರತಕ್ಕ ಸರಕಾಯಿತು. ಅಮೆರಿಕದ ರಾಚೆಸ್ಟರಿನಲ್ಲಿ ಜಾರ್ಜ್ ಈಸ್ಟ್‌ಮನ್ ಮೊದಲು ತಯಾರಿಸಿ ಮಾರಿದುದು ಇಂಥ ಒಣ ಫಲಕಗಳನ್ನೇ. ಕೊಡಕ್ ಎಂಬ ಹೆಸರು ಬಂದುದು ಆಮೇಲೆ. ಗಾಜು ಹೋಗಿ ಬಾಗುವ ಹಾಳೆ ಬಂದಿತು. ಸಾಮಗ್ರಿಯನ್ನು ಮಾಡುವವನು ಬೇರೆ, ಬಳಸುವವನು ಬೇರೆ ಎಂಬ ವಿಭಾಗ ಅಂದು ಆದುದು. ಇಂದಿನ ಸಂಕಟವೆಲ್ಲ ಅಂದು ಮಾಡಿದ ಸಾಲದ ಬಡ್ಡಿ ಎಂದೇ ನಾನು ಭಾವಿಸುತ್ತೇನೆ.

ಮದ್ರಾಸು ಆಧಿಪತ್ಯದ ಕಾಲದಲ್ಲಿ ಪುತ್ತೂರು ಸೀಮೆಯ ತಾಲೂಕಿಗೆ ಉಪ್ಪಿನಂಗಡಿಯದೇ ಹೆಸರಿತ್ತು. 1907ರಲ್ಲಿ ಮಂಗಳೂರಿಗೆ ರೈಲು ಬಂದಮೇಲೆ ಪರದೇಶದ ಈ ಸರಕು ಒಳನಾಡಿಗೆ ಬರುವುದು ಸುಗಮವಾಯಿತು. ಪುತ್ತೂರಿನಲ್ಲಿ ನೆಲೆಸಿದ ಶಿವರಾಮ ಕಾರಂತರು 1930ರ ಸುಮಾರಿಗೆ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳಿಗೆ ಕೈಹಾಕಿದರೆಂಬುದನ್ನು ನೆನೆದರೆ, ಬೆಳಕಿನ ಈ ವಿದ್ಯೆಯ ಹಂಬಲ ನಮ್ಮ ಮಣ್ಣಿಗೆ ಎಷ್ಟು ಬೇಗ ಅಂಟಿತೆಂಬುದು ವೇದ್ಯವಾದೀತು. ಮದುವೆಯ ಚಪ್ಪರದ ಮುಂದೆ, ಶಾಲೆಯ ಜಗಲಿಯ ಮೇಲೆ, ಮುಕ್ಕಾಲಿಯ ಮೇಲಿಟ್ಟ ದೊಡ್ಡ ಕ್ಯಾಮೆರಾದ ಎದುರು ಮೂರು ಸಾಲಾಗಿ ಕುಳಿತು ನಿಂತು ತೆಗೆಸಿಕೊಂಡ ‘ಗ್ರೂಪ್ ಫೋಟೋ’ಗಳು ಈ ಸೀಮೆಯ ಹಳೆಯ ಮನೆಗಳ ಗೋಡೆಗಳಲ್ಲಿ ಇನ್ನೂ ಇವೆ, ಹಿಂದಿನ ಸಾಲಿನ ಮೂಲೆಯಲ್ಲಿ ನಿಂತ ಹುಡುಗನ ಅಂಗಿಯ ಗುಂಡಿಯನ್ನೂ ಎಣಿಸಬಹುದಾದಷ್ಟು ಸ್ಪಷ್ಟತೆ ಅವುಗಳದು. ಹಾಫ್ ಪ್ಲೇಟ್, ಫುಲ್ ಪ್ಲೇಟ್ ಎಂದು ಸ್ಟುಡಿಯೋದವರು ಹೇಳುತ್ತಿದ್ದುದು ಆ ನೆಗೆಟಿವಿನ ಅಳತೆಯನ್ನು. ಸೀಸದ ಕಡ್ಡಿಯ ಮೊನೆಯಿಂದ ನೆಗೆಟಿವಿನ ಮೇಲೆಯೇ ಮುಖದ ಕಲೆಗಳನ್ನು ತಿದ್ದುವ ‘ರೀಟಚಿಂಗ್’ ಕುಶಲತೆಗೆ ಹಾಳೆಯ ದೊಡ್ಡತನವೇ ಆಧಾರ.

ಈ ಹವೆಯಲ್ಲಿ ಆ ಕೆಲಸ ಸುಲಭದ್ದಾಗಿರಲಿಲ್ಲ. ಡೆವಲಪರ್ ದ್ರಾವಣವು 20 ಡಿಗ್ರಿ ಸೆಲ್ಸಿಯಸಿನಲ್ಲಿರಬೇಕೆಂದು ತಂಪುದೇಶದ ಪುಸ್ತಕಗಳು ವಿಧಿಸುತ್ತವೆ. ನಮ್ಮ ಮೀನಮಾಸದ ಬಾವಿಯ ನೀರು ಅದಕ್ಕೆ ಎಲ್ಲಿಂದ ಇಳಿಯಬೇಕು! ಬೆಚ್ಚಗಾದ ದ್ರಾವಣದಲ್ಲಿ ಜೆಲಾಟಿನ್ ಉಬ್ಬಿ ಅಂಚಿನಿಂದ ಬಿಟ್ಟುಕೊಳ್ಳುವುದುಂಟು. ಅದನ್ನು ಗಟ್ಟಿಮಾಡಲು ಕ್ರೋಮ್ ಪಟಿಕವನ್ನು ಬೆರಸಬೇಕು. ಮಳೆಗಾಲದಲ್ಲಿ ನೀರು ತಂಪಾದರೆ ಗಾಳಿಯೇ ಒದ್ದೆ. ತೊಳೆದ ಹಾಳೆ ಒಣಗಲು ದಿನವೆಲ್ಲ ಬೇಕು, ಒಣಗಿಸಿಟ್ಟ ನೆಗೆಟಿವಿಗೂ ಮಸೂರಕ್ಕೂ ಬೂಸಲು ತಪ್ಪದು. ಇಂಥ ವಿದ್ಯೆಯನ್ನು ಗುರುವಿಲ್ಲದೆ, ಗ್ರಂಥವಿಲ್ಲದೆ, ನಾಲ್ಕು ಅಡಿಯ ಕತ್ತಲಕೋಣೆಯಲ್ಲಿ ಸಾಧಿಸಿದ ಗ್ರಾಮಾಂತರದ ಛಾಯಾಗ್ರಾಹಕರಿಗೆ ನಮ್ಮ ಸಾಂಸ್ಕೃತಿಕ ಚರಿತ್ರೆಯಲ್ಲಿ ಇನ್ನೂ ನ್ಯಾಯವಾದ ಸ್ಥಾನ ದೊರೆತಿಲ್ಲವೆಂಬ ಕೊರಗು ನನಗಿದೆ.

ಪರಾಧೀನತೆಯನ್ನು ಕಳೆಯುವ ಒಂದು ಮಹತ್ಪ್ರಯತ್ನ ನಮ್ಮ ದೇಶದಲ್ಲಿಯೂ ನಡೆಯಿತು, ಅದೂ ನಮಗೆ ದೂರವಲ್ಲದ ಕಡೆ. ಗುಂಡ್ಲುಪೇಟೆಯನ್ನೂ ಬಂಡೀಪುರದ ಕಾಡನ್ನೂ ದಾಟಿ ಘಟ್ಟವೇರಿದರೆ ಸಿಕ್ಕುವ ಉದಕಮಂಡಲದಲ್ಲಿ, ಬಡಗರ ಹಟ್ಟಿಗಳ ಸೀಮೆಯಲ್ಲಿ, ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 1960ರಲ್ಲಿ ಸ್ಥಾಪಿತವಾಗಿ 1967ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಫ್ರಾನ್ಸಿನ ಬೋಶೆ ಕಂಪನಿಯ ಸಹಯೋಗ. ಧೂಳಿಲ್ಲದ ಗಾಳಿ, ತಣ್ಣನೆಯ ಹವೆ, ಇವುಗಳಿಗಾಗಿ ಆ ಬೆಟ್ಟದ ಆಯ್ಕೆ. ‘ಇಂದು’ ಎಂಬ ಮುದ್ರೆಯ ಕಪ್ಪು ಬಿಳುಪು ಫಿಲ್ಮು, ಮುದ್ರಣದ ಕಾಗದ, ಆಸ್ಪತ್ರೆಗಳ ಎಕ್ಸ್-ರೇ ಹಾಳೆ, ಸಿನಿಮಾದ ರೀಲು, ಇವೆಲ್ಲವೂ ಅಲ್ಲಿಂದ ದೇಶದ ಸ್ಟುಡಿಯೋಗಳಿಗೂ ಆಸ್ಪತ್ರೆಗಳಿಗೂ ಇಳಿದುಬಂದುವು. ವಿದೇಶೀ ಸರಕಿನ ಆಮದು ದುಬಾರಿಯೂ ದುರ್ಲಭವೂ ಆಗಿದ್ದ ಕಾಲದಲ್ಲಿ ಊರೂರಿನ ಗುರುತುಚೀಟಿಯ ಫೋಟೋಗಳು ಆ ಕಾಗದವನ್ನೇ ನಂಬಿಕೊಂಡಿದ್ದುವು. ಮುಂದೆ ಪಾಲಿಯೆಸ್ಟರ್ ತಳದ ಎಕ್ಸ್-ರೇ ಫಿಲ್ಮಿಗೆಂದು ಕೈಗೊಂಡ ದೊಡ್ಡ ಯೋಜನೆಯ ಸಾಲ ಒಂದು ಕಡೆ, 1991ರ ಬಳಿಕ ಸಡಿಲವಾದ ಆಮದಿನ ಸ್ಪರ್ಧೆ ಇನ್ನೊಂದು ಕಡೆ ಒತ್ತಿ, 1996ರಲ್ಲಿ ಸಂಸ್ಥೆ ರೋಗಗ್ರಸ್ತವೆಂದು ಘೋಷಿತವಾಯಿತು. ಈ ಶತಮಾನದ ಎರಡನೆಯ ದಶಕದಲ್ಲಿ ಕೆಲಸಗಾರರಿಗೆ ಸ್ವಯಂನಿವೃತ್ತಿಯನ್ನು ಕೊಟ್ಟು ಬಾಗಿಲು ಮುಚ್ಚಿತು. ನಷ್ಟದ ಲೆಕ್ಕ ಸುಳ್ಳಲ್ಲ. ಆದರೂ ಬೆಳ್ಳಿಯ ಲೇಪವನ್ನು ಸಮನಾಗಿ ಹಚ್ಚುವ ವಿದ್ಯೆ ಜಗತ್ತಿನಲ್ಲಿ ಬೆರಳೆಣಿಕೆಯ ದೇಶಗಳಿಗೆ ಮಾತ್ರ ಬಂದಿದ್ದಿತು; ಅದನ್ನು ಕಲಿತ ಕೈಗಳನ್ನೂ ಒಂದು ಚಿಕ್ಕ ಯಂತ್ರಸಾಲನ್ನೂ ಉಳಿಸಿಕೊಳ್ಳುವ ವಿವೇಕವನ್ನು ನಾವು ತೋರಬೇಕಾಗಿತ್ತು.

ಫಿಲ್ಮಿನ ಜಾತಿಗಳಲ್ಲೆಲ್ಲ ದೊಡ್ಡ ಹಾಳೆಗೇ ಮೊದಲು ಅಪಾಯ ಬರುವುದಕ್ಕೆ ಕಾರಣವಿದೆ. ಕಾರ್ಖಾನೆಯಲ್ಲಿ ಲೇಪ ಹಚ್ಚುವುದು ನಾಲ್ಕು ಅಡಿಗೂ ಹೆಚ್ಚು ಅಗಲದ, ಸಾವಿರಾರು ಅಡಿ ಉದ್ದದ ಸುರುಳಿಗೆ. ಅದಕ್ಕಿಂತ ಕಡಮೆ ಮಾಡಿದರೆ ಯಂತ್ರವನ್ನು ಹೂಡಿದ ವೆಚ್ಚವೂ ಹುಟ್ಟದು. ರೀಲಿನ ಫಿಲ್ಮಿಗೆ ತೆಳುವಾದ ತಳ ಸಾಕು. ಹೋಲ್ಡರಿನಲ್ಲಿ ಬಾಗದೆ ಚಪ್ಪಟೆಯಾಗಿ ನಿಲ್ಲಬೇಕಾದ ಹಾಳೆಗೆ ದಪ್ಪನೆಯ ಬೇರೆ ತಳವೇ ಬೇಕು. ಆದುದರಿಂದ ಹಾಳೆಗೆಂದೇ ಪ್ರತ್ಯೇಕವಾಗಿ ಒಂದು ಸುರುಳಿಯನ್ನು ಲೇಪಿಸಬೇಕಾಗುತ್ತದೆ. ಕೊಳ್ಳುವವರಾದರೋ ಜಗತ್ತಿನಲ್ಲೆಲ್ಲ ಕೆಲವೇ ಜನ. ಈ ನಷ್ಟವನ್ನು ಇಷ್ಟು ದಿನ ಹೊತ್ತಿದ್ದವರು ಸಿನಿಮಾದವರು, ಆಸ್ಪತ್ರೆಯವರು, ಅಚ್ಚುಕೂಟದವರು. ಚಿತ್ರಮಂದಿರಗಳು ಡಿಜಿಟಲ್ ಆದುವು; ಎಕ್ಸ್-ರೇ ಕಂಪ್ಯೂಟರಿನ ಪರದೆಗೆ ಹೋಯಿತು; ಆಫ್‌ಸೆಟ್ ಮುದ್ರಣಕ್ಕೆ ಲಿಥೋ ಫಿಲ್ಮ್ ಬೇಡವಾಯಿತು. ಆಸರೆಯ ಮೂರು ಕಂಬಗಳೂ ಒಂದೆರಡು ದಶಕಗಳಲ್ಲಿ ಕುಸಿದುವು.

ಆಮೇಲಿನದು ಶೀಘ್ರ ಪತನದ ವೃತ್ತಾಂತ. 2004ರಲ್ಲಿ ಇಂಗ್ಲೆಂಡಿನ ಫಿಲ್ಮ್ ಕಂಪನಿ ಇಲ್ಫರ್ಡ್ ದಿವಾಳಿಯ ಅಂಚಿಗೆ ಬಂದು, ಅಲ್ಲಿಯ ಅಧಿಕಾರಿಗಳೇ ಅದನ್ನು ಕೊಂಡು ಉಳಿಸಿದರು. 2005ರಲ್ಲಿ ಆಗ್ಫಾಫೋಟೋ ದಿವಾಳಿಯಾಯಿತು, ಅದೇ ವರ್ಷ ಕೊಡಕ್ ಕಪ್ಪು ಬಿಳುಪು ಕಾಗದದ ತಯಾರಿಕೆಯನ್ನು ಬಿಡುವುದಾಗಿ ಸಾರಿತು. 2008ರಲ್ಲಿ ಪೊಲರಾಯ್ಡ್ ತನ್ನ ಕ್ಷಣಚಿತ್ರದ ಫಿಲ್ಮನ್ನು ನಿಲ್ಲಿಸಿತು. 2012ರಲ್ಲಿ ಕೊಡಕ್ ಸ್ವತಃ ದಿವಾಳಿಯ ಅರ್ಜಿ ಹಾಕಿತು. ಜಪಾನಿನ ಫ್ಯೂಜಿಯವರು 2018ರಲ್ಲಿ ನಿಲ್ಲಿಸಿದ ಅಕ್ರೋಸ್ ಫಿಲ್ಮು ಜನರ ಒತ್ತಾಯದಿಂದ ಮರುವರ್ಷವೇ ಹೊಸ ರೂಪದಲ್ಲಿ ಮರಳಿತು, ಆದರೆ ರೀಲಾಗಿ ಮಾತ್ರ. ದೀರ್ಘವಾದ ಎಕ್ಸ್‌ಪೋಷರಿಗೆ ಅದರಷ್ಟು ನಿಷ್ಠವಾದುದಿಲ್ಲವೆಂದು ನಂಬಿದ್ದ ಹಾಳೆಯ ಕ್ಯಾಮೆರಾದವರಿಗೆ ಅದು ಮರಳಿ ಬರಲೇ ಇಲ್ಲ.

ಹಾಗೆಂದು ಆ ಜನ ಕೈಕಟ್ಟಿ ಕುಳಿತಿಲ್ಲ. ಇಲ್ಫರ್ಡಿನವರು ವರ್ಷಕ್ಕೊಮ್ಮೆ ಅಪೂರ್ವ ಅಳತೆಗಳ ಹಾಳೆಗೆ ಮುಂಗಡ ಬೇಡಿಕೆಯನ್ನು ಸ್ವೀಕರಿಸಿ ಅಷ್ಟನ್ನೇ ಕತ್ತರಿಸಿ ಕೊಡುತ್ತಾರೆ. ಅಷ್ಟು ಹಣವಿಲ್ಲದವರು ಎಕ್ಸ್-ರೇ ಹಾಳೆಯನ್ನು ಕೊಂಡು ಕತ್ತರಿಸಿ ಕ್ಯಾಮೆರಾಕ್ಕೆ ಹಾಕುತ್ತಾರೆ. ಅದಕ್ಕೆ ಕೆಂಪು ಬಣ್ಣ ಕಾಣದಾದುದರಿಂದ ಕೆಂಪು ದೀಪದ ಬೆಳಕಿನಲ್ಲಿಯೇ ತೊಳೆಯಬಹುದು. ಎರಡು ಮಗ್ಗುಲಿಗೂ ಲೇಪವಿರುವುದರಿಂದ ಗೀರು ಬೀಳುವುದೂ ಸುಲಭ, ಹಸುರು ಹೆಚ್ಚಾದ ನಮ್ಮ ಕಡೆಯ ದೃಶ್ಯಗಳಲ್ಲಿ ಎಲೆಯ ಛಾಯೆ ಹೇಗೆ ಬಂದೀತೆಂಬುದು ಆ ಹಾಳೆ ನೀಲಿಗೆ ಮಾತ್ರ ಸಂವೇದಿಯೋ ಹಸುರಿಗೂ ಸಂವೇದಿಯೋ ಎಂಬುದನ್ನು ಅವಲಂಬಿಸಿದೆ. ಆಸ್ಪತ್ರೆಗಳೇ ಅದನ್ನು ಬಿಡುತ್ತಿರುವಾಗ ಈ ಆಶ್ರಯವೂ ಬಹುಕಾಲದ್ದಲ್ಲ. ಮೂರನೆಯ ದಾರಿ ಗ್ರೀನ್‌ಲಾನದು: ಲೇಪವನ್ನು ತಾನೇ ತಯಾರಿಸುವುದು. ಜಗತ್ತಿನ ಹಲವೆಡೆ ಕೆಲವರು ಜೆಲಾಟಿನ್, ಪೊಟ್ಯಾಸಿಯಂ ಬ್ರೋಮೈಡ್, ಸಿಲ್ವರ್ ನೈಟ್ರೇಟುಗಳನ್ನು ಬೆರಸಿ ಗಾಜಿಗೆ ಎರೆದು ಮ್ಯಾಡಾಕ್ಸನ ಫಲಕವನ್ನು ಮತ್ತೆ ಮಾಡುತ್ತಿದ್ದಾರೆ. ಆ ಲೇಪ ಅತಿ ನಿಧಾನದ್ದು, ಹರಿಯುವ ನೀರನ್ನೂ ನಡೆಯುವ ಜನರನ್ನೂ ಅದು ಹಿಡಿಯದು; ಆದರೆ ಅದನ್ನು ನಿಲ್ಲಿಸುವ ಅಧಿಕಾರ ಯಾವ ಕಂಪನಿಗೂ ಇಲ್ಲ. ನಮ್ಮ ಹವೆಯಲ್ಲಿ ಜೆಲಾಟಿನ್ ಹೆಪ್ಪುಗಟ್ಟಲು ಧನುರ್ಮಾಸದ ರಾತ್ರಿಗಳೋ ಮಂಜುಗಡ್ಡೆಯೋ ಬೇಕಾದೀತು. ಪುತ್ತೂರು, ಸುಳ್ಯಗಳ ಕಾಲೇಜುಗಳಲ್ಲಿ ಉಪ್ಪಿನ ಪರೀಕ್ಷೆಗೆ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟು, ಬೆಳ್ಳಗೆ ಒತ್ತರಿಸಿದ ಗಷ್ಟು ಬೆಳಕಿಗೆ ಮೆಲ್ಲನೆ ಕಪ್ಪಾಗುವುದನ್ನು ವಿದ್ಯಾರ್ಥಿಗಳು ವರ್ಷವರ್ಷವೂ ಕಾಣುತ್ತಾರೆ. ಆ ಪಾಠವನ್ನು ಒಂದು ಗಾಜಿನ ಫಲಕದವರೆಗೆ, ಒಂದು ಹಳೆಯ ಮರದ ಕ್ಯಾಮೆರಾದವರೆಗೆ ಮುಂದುವರಿಸಲು ಬೇಕಾದುದು ಒಬ್ಬ ಉತ್ಸಾಹಿ ಅಧ್ಯಾಪಕ ಮತ್ತು ಕತ್ತಲಾದ ಒಂದು ಕೋಣೆ ಮಾತ್ರ.