ಚಕ್ಕೆ-ದ್ರಾಕ್ಷಿ ಬ್ರೆಡ್ಡು ಮತ್ತು ನಮ್ಮ ರಸಾಯನಶಾಸ್ತ್ರ

ಕಳೆದ ಚಳಿಗಾಲದಲ್ಲಿ ನಮ್ಮಮ್ಮ ಮೈಸೂರಿನಿಂದ ಡೆಟ್ರಾಯಿಟ್ ಬಳಿಯ ನಮ್ಮ ಮನೆಗೆ ಐದು ತಿಂಗಳ ಮಟ್ಟಿಗೆ ಬಂದಿದ್ದರು. ಬಂದ ವಾರದಲ್ಲೇ ಒಂದು ತೊಡಕು ಕಾಣಿಸಿತು. ನಮ್ಮ ಏಳು ವರ್ಷದ ಮಗಳು ಅಜ್ಜಿ ಮಾಡಿದ ಅವಲಕ್ಕಿ, ಉಪ್ಪಿಟ್ಟು ಮುಟ್ಟಳು. ಬೆಳಗಾದರೆ ಅವಳಿಗೆ ಅಂಗಡಿಯ ಚಕ್ಕೆ-ದ್ರಾಕ್ಷಿ ಬ್ರೆಡ್ಡೇ ಆಗಬೇಕು. ಮೊಟ್ಟೆ ಬೆರೆತಿರಬಹುದೆಂದು ಅಮ್ಮ ಅದನ್ನು ಮುಟ್ಟರು. ಮೊಮ್ಮಗಳ ಕನ್ನಡ ನಾಲ್ಕು ಮಾತಿಗೆ ಮುಗಿಯುತ್ತಿತ್ತು, ಅಮ್ಮನ ಇಂಗ್ಲಿಷು ಅದಕ್ಕೂ ಮುಂಚೆಯೇ. ಮೇಜಿನ ಎರಡು ತುದಿಯಲ್ಲಿ ಇಬ್ಬರೂ ಸುಮ್ಮನೆ ಕುಳಿತು ತಿನ್ನುವುದನ್ನು ನೋಡಲಾರದೆ, ಮೊಟ್ಟೆಯಿಲ್ಲದ ಬ್ರೆಡ್ಡನ್ನು ಮನೆಯಲ್ಲೇ ಮಾಡುವುದೆಂದು ತೀರ್ಮಾನಿಸಿದೆವು.

ದಿನವಿಡೀ ಪ್ರಯೋಗಶಾಲೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ತೂಗುವ ನಮಗೆ ಒಂದು ಬ್ರೆಡ್ಡು ಯಾವ ಲೆಕ್ಕ! ಘಮ ಹೆಚ್ಚಲೆಂದು ಎರಡು ದೊಡ್ಡ ಚಮಚ ಚಕ್ಕೆಪುಡಿಯನ್ನು ಹಿಟ್ಟಿಗೇ ಸುರಿದು ನಾದಿ ಇಟ್ಟೆವು. ಎರಡು ಗಂಟೆಯಾದರೂ ಹಿಟ್ಟು ಅಲುಗಲಿಲ್ಲ. ಸುಟ್ಟಾಗ ಸಿಕ್ಕಿದ್ದು ಇಟ್ಟಿಗೆ. ಯೀಸ್ಟ್ ಹಳೆಯದೆಂದು ಹೊಸದು ತಂದೆವು, ಮತ್ತೊಂದು ಇಟ್ಟಿಗೆ. ಆಮೇಲೆ ಮಿಚಿಗನ್ನಿನ ಚಳಿಯನ್ನು ಬೈದೆವು. “ಇನ್ನು ನಾಲ್ಕಾದರೆ ಗ್ಯಾರೇಜಿಗೆ ಮೆಟ್ಟಿಲು ಕಟ್ಟಬಹುದು” ಎಂದರು ನಮ್ಮ ಮನೆಯವರು.

ಮೂರನೆಯ ಸಲ ಅಮ್ಮ ಬಂದು, ಬಟ್ಟೆ ಸರಿಸಿ, ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು. “ಅಲ್ಲ ಕಣೋ, ಉಪ್ಪಿನಕಾಯಿಗೆ ಸಾಸಿವೆ, ಇಂಗು ಯಾಕೆ ಹಾಕ್ತೀವಿ? ಬೂಷ್ಟು ಹಿಡೀಬಾರದು ಅಂತ ತಾನೆ? ಇಷ್ಟು ಚಕ್ಕೆ ಸುರಿದರೆ ಇದು ಹೇಗೆ ಉಬ್ಬತ್ತೆ?”

ನಾವು ಬಾಯಿ ಮುಚ್ಚಿಕೊಂಡು ಪುಸ್ತಕ ತೆಗೆದೆವು. ಅಮ್ಮ ಹೇಳಿದ್ದು ಸರಿಯಾಗಿತ್ತು. ಚಕ್ಕೆಯ ಘಮಕ್ಕೆ ಕಾರಣವಾದ ಸಿನಮಾಲ್ಡಿಹೈಡ್ ಎಂಬ ವಸ್ತು ಬೂಷ್ಟಿನ ಬೆಳವಣಿಗೆಯನ್ನು ತಡೆಯುತ್ತದೆ. ಯೀಸ್ಟ್ ಕೂಡ ಬೂಷ್ಟಿನಂತೆ ಶಿಲೀಂಧ್ರ ಜಾತಿಯದೇ. ಅದನ್ನು ಬೆಳೆಸಬೇಕಾದ ಕಡೆ ಅದರ ವೈರಿಯನ್ನೇ ಕೂರಿಸಿದ್ದೆವು. ಆದ್ದರಿಂದ ಚಕ್ಕೆಯನ್ನು ಹಿಟ್ಟಿಗೆ ಬೆರೆಸಬಾರದು. ಬಿಳಿ ಹಿಟ್ಟು ಒಮ್ಮೆ ಉಬ್ಬಿದ ಮೇಲೆ ಲಟ್ಟಿಸಿ, ಮೇಲೆ ಉದುರಿಸಿ, ಚಾಪೆಯಂತೆ ಸುತ್ತಬೇಕು. ಬ್ರೆಡ್ಡಿನೊಳಗಿನ ಆ ಕಂದು ಸುರುಳಿ ಬರಿಯ ಅಂದಕ್ಕಲ್ಲ ಎಂಬುದು ನಮಗೆ ಆಗ ತಿಳಿಯಿತು.

ಬೇಕಾಗುವ ಸಾಮಾನು:
ಮೈದಾ – 3 ಕಪ್ (ಸುಮಾರು 375 ಗ್ರಾಂ)
ಹಾಲು – 1 ಕಪ್
ಯೀಸ್ಟ್ – 1 ಪೊಟ್ಟಣ (7 ಗ್ರಾಂ)
ಸಕ್ಕರೆ, ಬೆಣ್ಣೆ – ತಲಾ 2 ದೊಡ್ಡ ಚಮಚ
ಉಪ್ಪು – 1 ಚಿಕ್ಕ ಚಮಚ
ಒಣದ್ರಾಕ್ಷಿ – ಮುಕ್ಕಾಲು ಕಪ್
ಸುರುಳಿಗೆ: ಕಂದು ಸಕ್ಕರೆ 1/3 ಕಪ್, ಚಕ್ಕೆಪುಡಿ 1 ದೊಡ್ಡ ಚಮಚ, ಮೈದಾ 1 ಚಿಕ್ಕ ಚಮಚ

ದ್ರಾಕ್ಷಿಯನ್ನು ಕಾಲು ಗಂಟೆ ಬಿಸಿನೀರಿನಲ್ಲಿ ನೆನೆಸಿ, ಬಸಿದು, ಒರೆಸಿಡಿ. ಒಣಗಿದ್ದನ್ನೇ ಹಾಕಿದರೆ ಅದು ಹಿಟ್ಟಿನ ನೀರನ್ನು ಹೀರಿಬಿಡುತ್ತದೆ. ಹಾಲು 40° ಸೆಲ್ಸಿಯಸ್‌ನಷ್ಟು, ಎಂದರೆ ಮಗುವಿಗೆ ಕುಡಿಸುವಷ್ಟು ಬೆಚ್ಚಗಿರಲಿ. 60° ದಾಟಿದರೆ ಯೀಸ್ಟ್ ಸಾಯುತ್ತದೆ. ಅದಕ್ಕೆ ಸಕ್ಕರೆ, ಯೀಸ್ಟ್ ಹಾಕಿ, ನೊರೆ ಬಂದ ಮೇಲೆ ಮೈದಾ, ಉಪ್ಪು, ಬೆಣ್ಣೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಗಟ್ಟಿಯೆನಿಸಿದರೆ ಒಂದೆರಡು ಚಮಚ ನೀರು ಚಿಮುಕಿಸಿ. ಕೊನೆಯಲ್ಲಿ ದ್ರಾಕ್ಷಿ.

ಇಡ್ಲಿ ಹಿಟ್ಟನ್ನು ಅವನ್ನಿನ ದೀಪ ಹಚ್ಚಿ ಒಳಗಿಡುವ ಉಪಾಯ ನಿಮಗೆಲ್ಲ ಗೊತ್ತೇ ಇದೆ. ಇದಕ್ಕೂ ಅದೇ ಸಾಕು. (ಹೊಸ ಅವನ್ನುಗಳ ಎಲ್‌ಇಡಿ ದೀಪ ಹೆಚ್ಚು ಕಾವು ಕೊಡದು, ಅಂಥವರು ಪಕ್ಕದಲ್ಲಿ ಬಿಸಿನೀರಿನ ಪಾತ್ರೆ ಇಡಿ.) ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಎರಡರಷ್ಟಾದ ಮೇಲೆ ಆಯತಾಕಾರವಾಗಿ ಲಟ್ಟಿಸಿ, ಹಾಲು ಸವರಿ, ಚಕ್ಕೆ-ಸಕ್ಕರೆ ಉದುರಿಸಿ. ಇಲ್ಲಿ ಬೆಣ್ಣೆ ಸವರಿದರೆ ಪದರಗಳು ಅಂಟದೆ ಬ್ರೆಡ್ಡಿನೊಳಗೆ ಸುರಂಗವಾಗುತ್ತದೆ. ಬಿಗಿಯಾಗಿ ಸುತ್ತಿ, ಬೆಣ್ಣೆ ಸವರಿದ 9x5 ಅಂಗುಲದ ತಟ್ಟೆಯಲ್ಲಿಟ್ಟು, ಹಿಟ್ಟು ಅಂಚಿಗಿಂತ ಮೇಲೆ ಬರುವತನಕ ಕಾಯಿರಿ. 350° ಫ್ಯಾರನ್‌ಹೀಟ್‌ನಲ್ಲಿ 35ರಿಂದ 40 ನಿಮಿಷ ಬೇಯಿಸಿ. ಮೇಲೆ ಬೇಗ ಕೆಂಪಾದರೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಪೂರ್ತಿ ಆರುವ ಮುಂಚೆ ಕೊಯ್ದರೆ ಒಳಗೆ ಹಸಿಹಸಿ.

ಆ ಕೆಂಪು, ದೋಸೆಯ ಕೆಂಪಿನದೇ ಬಂಧು. ಪ್ರೋಟೀನೂ ಸಕ್ಕರೆಯೂ ಬಿಸಿಯಲ್ಲಿ ಕೂಡಿ ಆಗುವ ಈ ಕ್ರಿಯೆಯನ್ನು ಫ್ರಾನ್ಸಿನ ಮೇಯಾರ್ 1912ರಲ್ಲಿ ವಿವರಿಸಿದ. ಉಳಿದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡಬೇಡಿ. ಆ ತಂಪಿನಲ್ಲಿ ಪಿಷ್ಟ ಬೇಗ ಬಿರುಸಾಗಿ ಬ್ರೆಡ್ಡು ಒರಟಾಗುತ್ತದೆ. ಹೋಳು ಮಾಡಿ ಫ್ರೀಜರಿಗೆ ಹಾಕುವುದು ಮೇಲು.

ನಾಲ್ಕನೆಯ ಬ್ರೆಡ್ಡಿಗೆ ನಾದಿದವರು ಅಮ್ಮ. ಮಗಳು ಸ್ಟೂಲು ಹತ್ತಿ ಚಕ್ಕೆ ಉದುರಿಸಿ ಸುರುಳಿ ಸುತ್ತಿದಳು. ಹಿಟ್ಟು ಏಳುವತನಕ ಇಬ್ಬರೂ ಅವನ್ನಿನ ಗಾಜಿನ ಮುಂದೆ ಕುಳಿತಿದ್ದರು. “ಉಬ್ಬಿತಾ ಅಜ್ಜಿ?” ಎಂದು ಐದು ನಿಮಿಷಕ್ಕೊಮ್ಮೆ ಪ್ರಶ್ನೆ. ಅಂದು ಸಂಜೆ ಅಮ್ಮ ಮೊದಲ ಬಾರಿಗೆ ಬ್ರೆಡ್ಡು ತಿಂದರು, ಎರಡು ಹೋಳು. ಮರುದಿನ ಬೆಳಿಗ್ಗೆ ಮಗಳೂ ಒಂದಿಷ್ಟು ಅವಲಕ್ಕಿ ಬಡಿಸಿಕೊಂಡಳು, ನಾವು ಹೇಳಿಕೊಟ್ಟದ್ದಲ್ಲ.

ಅಮ್ಮ ಮಾರ್ಚಿಯಲ್ಲಿ ಊರಿಗೆ ಹೋದರು. ಈಗ ಭಾನುವಾರದ ಫೋನಿನಲ್ಲಿ ಅವರ ಮೊದಲ ಮಾತೇ “ಉಬ್ಬಿತೇನೇ?” ಎಂದು. ಮಗಳು ಕನ್ನಡದಲ್ಲೇ ವರದಿ ಒಪ್ಪಿಸುತ್ತಾಳೆ. ನಾಲ್ಕು ಮಾತಿದ್ದದ್ದು ಈಗ ಹದಿನೈದು ನಿಮಿಷವಾಗಿದೆ.

ನೀವೂ ಮಾಡಿ ನೋಡಿ. ಚೆನ್ನಾಗಿ ಬಂದರೆ ಸಂಕ್ರಾಂತಿ ಕೂಟಕ್ಕೆ ಒಂದು ತನ್ನಿ. ಇಟ್ಟಿಗೆಯಾದರೂ ಸಂಕೋಚ ಬೇಡ, ನಮ್ಮ ಗ್ಯಾರೇಜಿನ ಮೆಟ್ಟಿಲು ಇನ್ನೂ ಪೂರ್ತಿಯಾಗಿಲ್ಲ.