ಹಾಡಿನಂತೆ ಓದಿ, ಇಂಗ್ಲಿಷ್ ತಾನೇ ಬರುತ್ತೆ

‘ಇಂಗ್ಲಿಷ್ ಪದ್ಯ ಗಡಗಡ ಒಪ್ಪಿಸ್ತಾಳೆ, ಅರ್ಥ ಕೇಳಿದ್ರೆ ತಲೆ ತಗ್ಗಿಸ್ತಾಳೆ!’ ಬೀದರ್ ಇರಲಿ, ಭಾಲ್ಕಿ, ಔರಾದ್ ಇರಲಿ, ತಾಯಂದಿರ ಗೋಳು ಇದೇ. ನನ್ನ ಮಗಳ ಕಥೆಯೂ ಇದೇ ಆಗಿತ್ತು.

ಸರ್ಕಾರಿ ಶಾಲೆಗಳಲ್ಲೂ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಯಿತು. ಆದರೆ ನಮ್ಮ ಮಕ್ಕಳು ಕನ್ನಡ, ಮರಾಠಿ, ಉರ್ದು ಕಲಿಯೋದು ಕಿವಿಯಿಂದ. ಇಂಗ್ಲಿಷ್ ಮಾತ್ರ ಬರೀ ಕಣ್ಣಿನಿಂದ ಕಲೀಬೇಕು ಅಂದ್ರೆ ಹೇಗೆ? ದಿನಕ್ಕೆ ಹತ್ತು ನಿಮಿಷ ಹೀಗೆ ಮಾಡಿ ನೋಡಿ.

* ನಾಲ್ಕೇ ಸಾಲಿನ ಪದ್ಯ ಆರಿಸಿ. ಮೊದಲು ನೀವು ಎರಡು ಸಲ ಗಟ್ಟಿಯಾಗಿ ಓದಿ. ಮಗು ಬರೀ ಕೇಳಲಿ.

* ಅರ್ಥವನ್ನು ಅಭಿನಯಿಸಿ ತೋರಿಸಿ, ಮನೆಮಾತಿನಲ್ಲೇ ಹೇಳಿ.

* ಚಪ್ಪಾಳೆ ತಟ್ಟುತ್ತಾ ಜೊತೆಗೆ ಓದಿ. ನಮ್ಮ ಕಡೆ ‘ಸ್ಕೂಲ್’ ಅನ್ನೋದು ‘ಇಸ್ಕೂಲ್’ ಆಗುತ್ತಲ್ಲ, ಆ ‘ಇ’ ಸೇರಿದ್ರೆ ತಾಳ ತಪ್ಪೋದು ಮಗುವಿಗೇ ಗೊತ್ತಾಗುತ್ತೆ.

* ಸಾಲಿನ ಕೊನೆಯ ಪ್ರಾಸಪದ ಬಿಟ್ಟು ಓದಿ. ಅದನ್ನು ಮಗು ಹೇಳಲಿ.

* ಓದುವಾಗ ನಡುವೆ ತಿದ್ದಬೇಡಿ, ನಗಬೇಡಿ.

‘ನನಗೇ ಇಂಗ್ಲಿಷ್ ಬರಲ್ಲ’ ಅನ್ನೋ ಸಂಕೋಚವೇ? ಗೊತ್ತಿಲ್ಲದ ಉಚ್ಚಾರವನ್ನು ಟೀಚರ್ ಹತ್ತಿರ, ಇಲ್ಲವೇ ಮೊಬೈಲ್‌ನಲ್ಲಿ ಕೇಳಿ ಕಲಿಯಿರಿ. ಅಮ್ಮನೂ ತಪ್ಪಿ, ತಿದ್ದಿಕೊಂಡು ಮತ್ತೆ ಓದೋದನ್ನು ನೋಡಿದ ಮೇಲೇ ನನ್ನ ಮಗಳು ತಲೆ ಎತ್ತಿ ಓದಿದ್ದು!